ಕರಗುತ್ತಲೇ ಇದ್ದ ಸತು: ಮರೀನಾದಲ್ಲಿ ಕಟ್ಟಿದ್ದ ದೋಣಿಯೊಂದರ ಪ್ರಕರಣ

ಇಲ್ಲಿ ಬರುವ ದಂಪತಿಯ ಹೆಸರಾಗಲಿ, ದೋಣಿಯ ಹೆಸರಾಗಲಿ, ದೋಣಿಗಳನ್ನು ಕಟ್ಟಿ ನಿಲ್ಲಿಸುವ ಮರೀನಾ ಇರುವ ಊರಾಗಲಿ ಈ ಬರಹದಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ಅಳತೆಗಳನ್ನು ದುಂಡು ಮಾಡಿದ್ದೇನೆ. ಕೆಲಸ ನಡೆದ ಕ್ರಮ ಮತ್ತು ನಿರ್ಧಾರಗಳು ತಿರುವು ಪಡೆದ ಜಾಗಗಳು ಮಾತ್ರ ಇದ್ದ ಹಾಗೇ ಇವೆ. ದೋಣಿಗಳ ವೈರಿಂಗ್ ಪರಿಶೀಲಿಸುವುದು ನನ್ನ ಕೆಲಸ. ಪ್ರಕರಣ ಅರ್ಧ ಸಾಗಿದ ಮೇಲೆ ಅವರು ನನ್ನನ್ನು ಕರೆಸಿದರು. ಅದಕ್ಕೂ ಹಿಂದಿನದನ್ನು ಅವರು ಬರೆದಿಟ್ಟ ದಿನಚರಿಯಿಂದ ತೆಗೆದುಕೊಂಡಿದ್ದೇನೆ.

ಹಿನ್ನೆಲೆ

ಸುಮಾರು ಹನ್ನೊಂದು ಮೀಟರ್ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. ಒಳಗೆ ಡೀಸೆಲ್ ಎಂಜಿನ್, ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟ್, ಅದರ ತುದಿಯಲ್ಲಿ ಕಂಚಿನ ಪ್ರೊಪೆಲರ್. ಗಂಡ ಹೆಂಡತಿ ಇಬ್ಬರೂ ವರ್ಷದ ಬಹುಭಾಗ ಅದರಲ್ಲೇ ಇರುತ್ತಾರೆ. ಸ್ಪ್ಯಾನರ್ ಹಿಡಿಯುವುದು ಆತ. ಏನು ಬಿಚ್ಚಿದರು, ಏನು ಹಾಕಿದರು, ಯಾವ ದಿನ ಎಂದು ಬರೆದಿಡುವುದು ಆಕೆ. ಹೀಗೆ ಮಾಡೋಣ ಎಂದು ಅವರು ಕೂತು ಮಾತಾಡಿಕೊಂಡದ್ದಲ್ಲ, ಅದು ತಾನಾಗಿ ಬಂದ ಹಂಚಿಕೆ. ಈ ಪ್ರಕರಣದ ಗತಿಯನ್ನು ನಿರ್ಧರಿಸಿದ್ದು ಆ ಹಂಚಿಕೆಯೇ ಎಂದು ನಾನು ನಂಬಿದ್ದೇನೆ.

ಮೊದಲು ದೋಣಿ ತೆರೆದ ನೀರಿನಲ್ಲಿ ಲಂಗರಿನ ಮೇಲೆ ನಿಲ್ಲುತ್ತಿತ್ತು. ಶಾಫ್ಟಿಗೆ ಬಿಗಿದ ಅರ್ಧ ಕಿಲೋ ತೂಕದ ಸತುವಿನ ಆನೋಡ್ ವರ್ಷದ ಹತ್ತಿರ ಬಾಳುತ್ತಿತ್ತು. ಉಪ್ಪುನೀರಿನಲ್ಲಿ ಕಂಚು, ಸ್ಟೀಲು, ಸತು ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲೊಂದು ಬ್ಯಾಟರಿ ಹುಟ್ಟುತ್ತದೆ. ಸತು ಕರಗುತ್ತದೆ, ಉಳಿದವು ಉಳಿಯುತ್ತವೆ. ಅದನ್ನು ಹಾಕುವುದೇ ಕರಗಲೆಂದು. ಹಾಕಿ ತಿಂಗಳುಗಳಾದರೂ ಆನೋಡ್ ಹೊಸದರಂತೆ ಹೊಳೆಯುತ್ತಿದ್ದರೆ ಅದಕ್ಕೂ ಶಾಫ್ಟಿಗೂ ಸರಿಯಾದ ಸಂಪರ್ಕವಿಲ್ಲ ಎಂದೇ ತಿಳಿಯಬೇಕು. ಅರ್ಧ ಕರಗಿದಾಗ ಬದಲಿಸುವುದು ವಾಡಿಕೆ.

ಮುಂದೆ ಒಂದಿಷ್ಟು ಬಣ್ಣದ ಕೆಲಸ, ಹಲಗೆ ಕೆಲಸ, ಎಂಜಿನ್ ಕೆಲಸ ಒಟ್ಟಿಗೆ ಬಂತು. ಅದಕ್ಕಾಗಿ ಅವರು ಮರೀನಾದಲ್ಲಿ ಜಾಗ ಹಿಡಿದು ದೋಣಿಯನ್ನು ಜೆಟ್ಟಿಗೆ ಕಟ್ಟಿದರು. ದಡದ ಕರೆಂಟಿನ ಕೇಬಲ್ ಚುಚ್ಚಿಕೊಂಡರು. ಬ್ಯಾಟರಿ ಚಾರ್ಜರ್, ಫ್ರಿಜ್, ಡ್ರಿಲ್ಲು ಎಲ್ಲ ಅದರ ಮೇಲೆಯೇ ನಡೆಯಿತು.

ಸಮಸ್ಯೆ

ಎರಡು ತಿಂಗಳ ಮೇಲೆ ಮುಳುಗುಗಾರನೊಬ್ಬ ಪ್ರೊಪೆಲರ್ ಕೆರೆದು ಮೇಲೆ ಬಂದವನು, ಆನೋಡ್ ಇದ್ದ ಜಾಗದಲ್ಲಿ ಬೋಲ್ಟುಗಳಷ್ಟೇ ಇವೆ ಎಂದ. ಹೊಸದನ್ನು ಹಾಕಿಸಿದರು. ಅದೂ ಅಷ್ಟೇ ಸಮಯದಲ್ಲಿ ಮಾಯವಾಯಿತು.

ಆತನಿಗೆ ಮೊದಲು ಬಂದ ಅನುಮಾನ ಕಳಪೆ ಮಾಲು ಎಂದು. ಬೇರೆ ಕಡೆಯಿಂದ ತರಿಸಿ ಹಾಕಿದ. ಆಮೇಲೆ, ಸತು ಸಾಲುತ್ತಿಲ್ಲ ಎಂದು ದೊಡ್ಡದನ್ನು ಹಾಕಿದ. ಅದರ ಜೊತೆಗೆ ದೋಣಿಯ ಪಕ್ಕದಿಂದ ನೀರಿಗೆ ಇಳಿಬಿಡುವ ಇನ್ನೊಂದು ಸತುವಿನ ಗಟ್ಟಿಯನ್ನು ತಂದು, ತಂತಿಯಿಂದ ಶಾಫ್ಟಿಗೆ ಕ್ಲಿಪ್ ಹಾಕಿ ತೂಗುಬಿಟ್ಟ. ಈ ಮೂರೂ ಹೆಜ್ಜೆ ಸಹಜವಾದವೇ, ಬಹಳ ಜನ ಇಡುವಂಥವೇ. ಆದರೆ ಮೂರೂ ಕರಗುವ ವಸ್ತುವಿನ ಸುತ್ತಲೇ ತಿರುಗುತ್ತವೆ, ಕರಗಿಸುತ್ತಿರುವುದು ಯಾವುದು ಎಂದು ಕೇಳುವುದಿಲ್ಲ.

ಸತು ಹೆಚ್ಚಿಸಿದರೆ ನಷ್ಟವೇನು ಎಂದು ಅನೇಕರು ಕೇಳುತ್ತಾರೆ. ಅದಕ್ಕೂ ಬೆಲೆ ಇದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳದ ತಾಮ್ರದ ಹೊದಿಕೆಗೆ ಕಬ್ಬಿಣ ಅಥವಾ ಸತುವಿನ ತುಂಡು ಜೋಡಿಸಿ, ತಾಮ್ರ ಸವೆಯದಂತೆ ತಡೆಯಬಹುದೆಂದು ತೋರಿಸಿದ. ತಾಮ್ರ ನಿಜಕ್ಕೂ ಉಳಿಯಿತು. ಆದರೆ ಕರಗದ ತಾಮ್ರ ನೀರಿಗೆ ವಿಷ ಬಿಡಲಿಲ್ಲ, ಚಿಪ್ಪು ಪಾಚಿಗಳು ತಳಕ್ಕೆ ಮೆತ್ತಿ ಹಡಗುಗಳ ವೇಗ ಕುಂದಿತು. ಈ ದಂಪತಿಯ ದಿನಚರಿಯಲ್ಲೂ ಆ ತಿಂಗಳುಗಳಲ್ಲಿ ಪ್ರೊಪೆಲರಿಗೆ ಚಿಪ್ಪು ಜಾಸ್ತಿ ಎಂಬ ಒಂದು ಸಾಲು ಇದೆ. ಆಗ ಅದಕ್ಕೆ ಇಬ್ಬರೂ ಗಮನ ಕೊಟ್ಟಿರಲಿಲ್ಲ.

ತಂತಿ ಕತ್ತರಿಸುವ ಸಲಹೆ

ಅದೇ ಜೆಟ್ಟಿಯಲ್ಲಿ ದೋಣಿ ಕಟ್ಟಿದ್ದ ಅನುಭವಸ್ಥರೊಬ್ಬರು ಕಾರಣವನ್ನು ಸರಿಯಾಗಿಯೇ ಹೇಳಿದರು: ದಡದ ಕೇಬಲ್ಲಿನ ಅರ್ತಿಂಗ್ ತಂತಿ. ಪ್ಲಗ್ ಚುಚ್ಚಿದ ಎಲ್ಲ ದೋಣಿಗಳೂ ಆ ತಂತಿಯ ಮೂಲಕ ಒಂದಕ್ಕೊಂದು ಜೋಡಿಯಾಗುತ್ತವೆ. ದೋಣಿಯ ಒಳಗೆ ಆ ತಂತಿ ಎಂಜಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ಸೇರಿರುತ್ತದೆ, ಎಂಜಿನ್ನಿನಿಂದ ಶಾಫ್ಟಿಗೆ ಹೋಗುತ್ತದೆ. ಹಾಗಾಗಿ ನೀರಿನಡಿ ಇರುವ ಎಲ್ಲರ ಲೋಹವೂ, ಜೆಟ್ಟಿಯ ಉಕ್ಕಿನ ಕಂಬಗಳು ಅರ್ತಿಂಗಿಗೆ ಸೇರಿದ್ದರೆ ಅವೂ, ಒಂದೇ ಬ್ಯಾಟರಿಯ ಭಾಗಗಳಾಗುತ್ತವೆ. ಪಕ್ಕದವರ ಸತು ಮುಗಿದಿದ್ದರೆ ನಿಮ್ಮ ಸತು ಅವರ ಪ್ರೊಪೆಲರನ್ನೂ ಕಾಯುತ್ತದೆ.

ಕಾರಣ ಸರಿ ಇತ್ತು, ಅವರು ಕೊಟ್ಟ ಮದ್ದು ಅಪಾಯದ್ದು. ಹಸಿರು ತಂತಿಯನ್ನು ಕತ್ತರಿಸಿಬಿಡಿ, ನಾನು ಕತ್ತರಿಸಿ ವರ್ಷಗಳಾದವು, ಏನೂ ಆಗಿಲ್ಲ ಎಂದರು.

ಇದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ಈ ಸಲಹೆ ಜೆಟ್ಟಿಯಿಂದ ಜೆಟ್ಟಿಗೆ ಹಬ್ಬುತ್ತಲೇ ಇರುತ್ತದೆ. ಚಾರ್ಜರಿನಲ್ಲೋ ನೀರು ಕಾಯಿಸುವ ಹೀಟರಿನಲ್ಲೋ ದೋಷ ಬಂದು ಫೇಸ್ ತಂತಿ ಲೋಹದ ಮೈಗೆ ತಾಗಿದರೆ, ಅರ್ತಿಂಗ್ ಇದ್ದಾಗ ಕರೆಂಟು ಅದರಲ್ಲಿ ಜೋರಾಗಿ ಹರಿದು ಬ್ರೇಕರ್ ಬೀಳುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಎಂಜಿನ್, ಶಾಫ್ಟ್, ಪ್ರೊಪೆಲರ್ ಎಲ್ಲದರಲ್ಲೂ ಕರೆಂಟು ನಿಂತಿರುತ್ತದೆ, ಸುತ್ತಲಿನ ನೀರಿಗೆ ಸೋರುತ್ತದೆ, ಬ್ರೇಕರ್ ಬೀಳದೆಯೂ ಇರಬಹುದು. ಒಂದು ಕೈ ದೋಣಿಯ ಲೋಹದ ಮೇಲೆ, ಒಂದು ಕಾಲು ಜೆಟ್ಟಿಯ ಮೇಲೆ ಇಟ್ಟವರ ಗತಿ ಏನಾಗಬಹುದು ಎಂದು ಯೋಚಿಸಿ. ಸಿಹಿನೀರಿನಲ್ಲಿ ಇದು ಇನ್ನೂ ಭೀಕರ, ಏಕೆಂದರೆ ಅಲ್ಲಿ ನೀರಿಗಿಂತ ಮನುಷ್ಯನ ಮೈ ಚೆನ್ನಾಗಿ ಕರೆಂಟು ಹಾಯಿಸುತ್ತದೆ. ಹತ್ತಿರ ಈಜುತ್ತಿದ್ದವರ ಸ್ನಾಯುಗಳು ಸೆಟೆದು, ಕೂಗುವ ಮೊದಲೇ ಮುಳುಗಿದ ಸಾವುಗಳು ದಾಖಲಾಗಿವೆ. ಸತುವಿನ ಗಟ್ಟಿ ಉಳಿಸಲು ತೆರಬಹುದಾದ ಬೆಲೆ ಇದಲ್ಲ.

ಆತ ಕಟಿಂಗ್ ಪ್ಲೈಯರ್ ತೆಗೆದುಕೊಂಡಿದ್ದ. ಆಕೆ ತಡೆದದ್ದು ಮೇಲಿನ ಅಪಾಯ ಗೊತ್ತಿದ್ದರಿಂದಲ್ಲ. ಆಕೆಯ ವಾದ ಬೇರೆಯೇ ಇತ್ತು: ಕತ್ತರಿಸಿದರೆ ಮತ್ತೆ ಜೋಡಿಸಬೇಕು, ಪ್ಲಗ್ ಕಿತ್ತರೆ ಮತ್ತೆ ಚುಚ್ಚಿದರಾಯಿತು, ಎರಡರಿಂದಲೂ ತಿಳಿಯುವುದು ಒಂದೇ ವಿಷಯವಾದರೆ ಸುಲಭದ್ದನ್ನೇ ಮೊದಲು ಮಾಡೋಣ. ಈ ಪ್ರಕರಣದ ಮೊದಲ ತಿರುವು ಇದು. ಅಲ್ಲಿಯವರೆಗೆ ಮಾಡಿದ್ದೆಲ್ಲ ರಿಪೇರಿ, ಇಲ್ಲಿಂದ ಮುಂದಿನದು ಪರೀಕ್ಷೆ.

ತೂಕದ ಪರೀಕ್ಷೆ

ತೂಗುಬಿಟ್ಟಿದ್ದ ಸತು ಇಲ್ಲಿ ಅನಿರೀಕ್ಷಿತವಾಗಿ ಕೆಲಸಕ್ಕೆ ಬಂತು. ಶಾಫ್ಟಿನ ಆನೋಡನ್ನು ನೋಡಲು ನೀರಿಗಿಳಿಯಬೇಕು. ಇದನ್ನಾದರೋ ಮೇಲಕ್ಕೆಳೆದು, ಬಿಳಿ ಹಿಟ್ಟಿನಂತಹ ಪದರವನ್ನು ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಬಹುದು. ಕೇಬಲ್ ಚುಚ್ಚಿದ್ದ ವಾರಗಳಲ್ಲಿ ಅದು ವಾರಕ್ಕೆ ಮೂವತ್ತು ಗ್ರಾಂನ ಆಸುಪಾಸು ಕಳೆದುಕೊಂಡಿತು. ಕೇಬಲ್ ಕಿತ್ತು ಸೋಲಾರ್ ಪ್ಯಾನೆಲ್ಲಿನ ಮೇಲೆ ದಿನ ದೂಡಿದ ವಾರಗಳಲ್ಲಿ ಐದಾರು ಗ್ರಾಂ. ಫ್ರಿಜ್ ಇಲ್ಲದೆ, ಪವರ್ ಟೂಲ್ ಇಲ್ಲದೆ ಕೆಲಸ ನಿಂತದ್ದಕ್ಕೆ ಆತನಿಗೆ ಕಿರಿಕಿರಿಯಾಗಿತ್ತು. ಆದರೆ ಪುಸ್ತಕದಲ್ಲಿನ ಎರಡು ಸಾಲು ಅಂಕಿಗಳನ್ನು ಅಕ್ಕಪಕ್ಕ ನೋಡಿದ ಮೇಲೆ ಇಬ್ಬರಲ್ಲೂ ವಾದ ಉಳಿಯಲಿಲ್ಲ. ನನ್ನನ್ನು ಕರೆಸಿದ್ದು ಆಗ.

ಕರಗಿದ ಸತುವಿನಿಂದ ಕರೆಂಟನ್ನು ಲೆಕ್ಕ ಹಾಕಬಹುದು. ಒಂದು ಕಿಲೋ ಸತುವಿನಿಂದ ಬಳಕೆಯಲ್ಲಿ ಸುಮಾರು 780 ಆಂಪಿಯರ್-ಗಂಟೆ ಸಿಗುತ್ತದೆ. ಅರ್ಧ ಕಿಲೋ ಎಂದರೆ 390. ಅದು ಎರಡು ತಿಂಗಳಲ್ಲಿ ಮುಗಿದಿದೆ ಎಂದರೆ ಹಗಲೂ ರಾತ್ರಿ ಕಾಲು ಆಂಪಿಯರಿಗೂ ತುಸು ಹೆಚ್ಚು ಹರಿದಿದೆ. ನಾನು ಅರ್ತಿಂಗ್ ದಾರಿಯಲ್ಲಿ ಮೀಟರ್ ಸೇರಿಸಿ ಅಳೆದಾಗ ಸಿಕ್ಕಿದ್ದೂ ಅದರ ಹತ್ತಿರದ ಅಂಕಿಯೇ.

ಜೊತೆಗೆ ಬೆಳ್ಳಿ-ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡನ್ನು, ಅಂದರೆ ಬೇರೆ ಲೋಹಗಳ ವೋಲ್ಟೇಜನ್ನು ಹೋಲಿಸಿ ಅಳೆಯಲು ಬಳಸುವ ಸ್ಥಿರವಾದ ತುದಿಯನ್ನು, ಸಮುದ್ರಕ್ಕೆ ಇಳಿಬಿಟ್ಟು, ಮಲ್ಟಿಮೀಟರಿನ ಇನ್ನೊಂದು ತುದಿಯನ್ನು ಶಾಫ್ಟಿಗೆ ಹಿಡಿದೆ. ಕೇಬಲ್ ಚುಚ್ಚಿದ್ದಾಗ ಮೈನಸ್ 0.70 ವೋಲ್ಟ್, ಕಿತ್ತಾಗ ಮೈನಸ್ 0.95. ಸತು ಒಂದೇ ಇದ್ದರೆ ಈ ಅಳತೆಯಲ್ಲಿ ಮೈನಸ್ 1.03ರ ಸುತ್ತಮುತ್ತ ಬರುತ್ತದೆ, ಕಂಚು ಒಂದೇ ಇದ್ದರೆ ಮೈನಸ್ 0.3ರ ಹತ್ತಿರ. ಫೈಬರ್‌ಗ್ಲಾಸ್ ದೋಣಿಗೆ ಮೈನಸ್ 0.55ರಿಂದ ಮೈನಸ್ 1.1ರವರೆಗೆ ಎಲ್ಲಿದ್ದರೂ ಸಾಮಾನ್ಯವಾಗಿ ಸರಿ ಎನ್ನುತ್ತಾರೆ. ಅಂದರೆ ಆ 0.70 ಒಂದನ್ನೇ ನೋಡಿದ್ದರೆ ನಾನೂ ಎಲ್ಲ ಚೆನ್ನಾಗಿದೆ ಎಂದು ಬರೆದುಕೊಟ್ಟು ಹೋಗಬೇಕಾಗಿತ್ತು. ಪ್ರೊಪೆಲರ್ ಸುರಕ್ಷಿತವಾಗಿಯೇ ಇತ್ತು, ಸತು ಇರುವವರೆಗೆ. ತಪ್ಪು ಕಂಡದ್ದು ಎರಡು ಅಳತೆಗಳ ನಡುವಿನ ಕಾಲು ವೋಲ್ಟಿನ ಅಂತರದಲ್ಲಿ.

ಪರಿಹಾರಕ್ಕೆ ಎರಡು ದಾರಿ ಇದ್ದವು. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ದಡಕ್ಕೂ ದೋಣಿಗೂ ತಂತಿಯ ಸಂಬಂಧವೇ ಇರುವುದಿಲ್ಲ. ಅದು ಹೆಚ್ಚು ಪಕ್ಕಾ, ಆದರೆ ಭಾರ, ಜಾಗ, ಖರ್ಚು ಎಲ್ಲ ಹೆಚ್ಚು. ಗ್ಯಾಲ್ವಾನಿಕ್ ಐಸೊಲೇಟರ್ ಸಣ್ಣ ಡಬ್ಬಿ. ಕೇಬಲ್ ದೋಣಿಯೊಳಗೆ ಬಂದ ಕೂಡಲೇ ಅರ್ತಿಂಗ್ ತಂತಿಯಲ್ಲಿ ಕೂರುತ್ತದೆ. ಒಳಗಿನ ಡಯೋಡುಗಳು ಸುಮಾರು 1.2 ವೋಲ್ಟಿನವರೆಗೆ ಏನನ್ನೂ ಬಿಡುವುದಿಲ್ಲ. ಲೋಹಗಳ ನಡುವಿನ ವೋಲ್ಟೇಜ್ ಅಷ್ಟು ಮುಟ್ಟುವುದಿಲ್ಲ, ಹಾಗಾಗಿ ಸತುವನ್ನು ಕರಗಿಸುವ ಕರೆಂಟು ನಿಲ್ಲುತ್ತದೆ. ನಿಜವಾದ ದೋಷದ ಕರೆಂಟು ಬಂದರೆ ದಾರಿ ತೆರೆದೇ ಇರುತ್ತದೆ. ಅವರು ಐಸೊಲೇಟರ್ ಆರಿಸಿಕೊಂಡರು. ಹಾಕಿದ ಮೇಲೆ ಕೇಬಲ್ ಚುಚ್ಚಿದ್ದರೂ ಶಾಫ್ಟಿನ ಅಳತೆ ಮೈನಸ್ 0.93ರಲ್ಲಿ ನಿಂತಿತು.

ಸತು ಉಳಿಯಿತು. ಬಹಳಷ್ಟು ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ, ಇದು ಮುಗಿಯಲಿಲ್ಲ.

ಪುಸ್ತಕದಲ್ಲಿ ಉಳಿದ ಅಸಂಗತ ಅಂಕಿ

ನಾನು ಎಲೆಕ್ಟ್ರೋಡನ್ನು ಅವರ ಬಳಿಯೇ ಬಿಟ್ಟು ಬಂದಿದ್ದೆ, ಶಾಫ್ಟನ್ನು ಆಗಾಗ ಅಳೆಯಿರಿ ಎಂದಷ್ಟೇ ಹೇಳಿ. ಆಕೆ ಶಾಫ್ಟಿನ ಜೊತೆಗೆ ತಳದ ವಾಲ್ವುಗಳನ್ನೂ ಅಳೆಯತೊಡಗಿದಳು. ದೋಣಿಯ ತಳದಲ್ಲಿ ತೂತು ಕೊರೆದು ಕೂರಿಸುವ ಕಂಚಿನ ವಾಲ್ವುಗಳು ಇವು, ಎಂಜಿನ್ನಿಗೆ ಸಮುದ್ರದ ನೀರು ಬರುವುದು, ಸಿಂಕಿನ ನೀರು ಹೋಗುವುದು ಇವುಗಳ ಮೂಲಕ. ಈ ದೋಣಿಯಲ್ಲಿ ಅವು ಅರ್ತಿಂಗಿಗಾಗಲಿ ಸತುವಿಗಾಗಲಿ ಜೋಡಿಯಾಗಿರಲಿಲ್ಲ, ರಬ್ಬರ್ ಪೈಪಿನ ತುದಿಯಲ್ಲಿ ಒಂಟಿಯಾಗಿದ್ದವು. ಒಂಟಿ ಕಂಚು ತನ್ನ ಪಾಡಿಗೆ ಮೈನಸ್ 0.27ರ ಹತ್ತಿರ ಇರಬೇಕು, ಇದ್ದವೂ ಹಾಗೆಯೇ. ಒಂದನ್ನು ಬಿಟ್ಟು.

ಎಂಜಿನ್ನಿಗೆ ನೀರು ತರುವ ವಾಲ್ವು ಕೆಲವು ದಿನ ಮೈನಸ್ 0.27, ಕೆಲವು ದಿನ ಮೈನಸ್ 0.15 ತೋರಿಸುತ್ತಿತ್ತು. ಆತ ಇದನ್ನು ಮೀಟರಿನ ಚಪಲ ಎಂದ. ಆಕೆ ಒಪ್ಪದೆ ನನಗೆ ಪುಟಗಳ ಫೋಟೋ ಕಳಿಸಿದಳು. ಲೋಹ ತನ್ನ ಸಹಜ ಅಂಕಿಗಿಂತ ಹೆಚ್ಚು ಮೈನಸ್ ಆದರೆ ಅದನ್ನು ಏನೋ ಕಾಯುತ್ತಿದೆ ಎಂದರ್ಥ. ಪ್ಲಸ್ ಕಡೆಗೆ ಸರಿದರೆ ಅದರಿಂದ ಸಮುದ್ರಕ್ಕೆ ಕರೆಂಟು ಹೊರಡುತ್ತಿದೆ, ಅದು ಕರಗುತ್ತಿದೆ ಎಂದರ್ಥ. ಶಾಫ್ಟಿನ ಆನೋಡ್ ಕರಗಿದರೆ ದುಡ್ಡು ಹೋಗುತ್ತದೆ, ತಳದ ವಾಲ್ವು ಕರಗಿದರೆ ದೋಣಿ ಹೋಗುತ್ತದೆ.

ಬ್ಯಾಟರಿಯ ಪಾಸಿಟಿವ್ ಎಲ್ಲೋ ಬಿಲ್ಜ್ ನೀರಿಗೆ, ಅಂದರೆ ದೋಣಿಯ ಅತಿ ತಗ್ಗಿನಲ್ಲಿ ನಿಲ್ಲುವ ಕೊಳಕು ನೀರಿಗೆ ಸೋರುತ್ತಿದೆ ಎಂಬುದು ನನ್ನ ಅಂದಾಜು. ಸೋರಿದ ಕರೆಂಟು ಒಳಗಿನಿಂದ ವಾಲ್ವಿನ ಲೋಹಕ್ಕೆ ಹೊಕ್ಕು, ಹೊರಗಿನ ಮೈಯಿಂದ ಸಮುದ್ರಕ್ಕೆ ಇಳಿದು, ಪ್ರೊಪೆಲರ್ ಮತ್ತು ಎಂಜಿನ್ ಮೂಲಕ ನೆಗೆಟಿವ್‌ಗೆ ಮರಳುತ್ತದೆ. ಹೊರಬರುವ ಜಾಗದಲ್ಲಿ ಲೋಹ ಕರಗುತ್ತದೆ.

ಆತ ಬ್ಯಾಟರಿಯ ಮೇನ್ ಸ್ವಿಚ್ ಆರಿಸಿ ಅಳೆದ. ಅಂಕಿ ಬದಲಾಗಲಿಲ್ಲ. ಬ್ಯಾಟರಿಯದ್ದಲ್ಲ ಎಂದು ತೀರ್ಮಾನಿಸಿದ. ಆ ನಡುವೆ ಶಾಫ್ಟ್ ಹೊರಹೋಗುವಲ್ಲಿ ನೀರು ಒಳಬರದಂತೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಹೊಸದು ಹಾಕಿ ಬಿಗಿ ಮಾಡಿದ, ತೊಟ್ಟಿಕ್ಕುವುದು ನಿಂತು ಬಿಲ್ಜ್ ಒಣಗಿತು. ವಾಲ್ವಿನ ಅಂಕಿಯೂ ಸರಿಹೋಯಿತು. ದಿನಚರಿಯಲ್ಲಿ ಆತನ ಕೈಬರಹದಲ್ಲಿ ‘ಮುಗಿಯಿತು’ ಎಂದಿದೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಅಪಾಯಕಾರಿಯಾಗಿ ಕಾಣುವುದು ಈ ಗಳಿಗೆ, ಏಕೆಂದರೆ ದೋಷ ಹಾಗೇ ಇತ್ತು, ಅದನ್ನು ತೋರಿಸಿಕೊಡುವ ನೀರು ಮಾತ್ರ ಹೋಗಿತ್ತು.

ಮಳೆ ಬಂತು. ಹಾಯಿಕಂಬದ ಬುಡದಿಂದ ನೀರು ಜಿನುಗಿ ಬಿಲ್ಜ್‌ಗೆ ಇಳಿಯಿತು. ಮರುದಿನ ವಾಲ್ವು ಮತ್ತೆ ಮೈನಸ್ 0.15. ಆಕೆ ಹಿಂದಿನ ಪುಟಗಳನ್ನು ತಿರುವಿ, ಅಂಕಿ ಕೆಟ್ಟ ದಿನಗಳೆಲ್ಲ ಬಿಲ್ಜ್‌ನಲ್ಲಿ ನೀರು ಎಂದು ಬರೆದ ದಿನಗಳೇ ಎಂದು ಗುರುತಿಸಿದಳು. ಆಮೇಲೆ ಕೇಳಿದ ಪ್ರಶ್ನೆಯೇ ಎರಡನೆಯ ತಿರುವು: “ಮೇನ್ ಸ್ವಿಚ್ ಆರಿಸಿದ ಮೇಲೂ ಕೆಲಸ ಮಾಡುವಂಥದ್ದು ಈ ದೋಣಿಯಲ್ಲಿ ಏನೇನಿದೆ?”

ಉತ್ತರ ಒಂದೇ. ಬಿಲ್ಜ್ ಪಂಪು. ಯಾರೂ ಇಲ್ಲದಾಗ ದೋಣಿ ಮುಳುಗಬಾರದೆಂದು ಅದನ್ನು ಮೇನ್ ಸ್ವಿಚ್ ತಪ್ಪಿಸಿ ನೇರ ಬ್ಯಾಟರಿಗೆ ಜೋಡಿಸುವುದು ಸರಿಯಾದ ಪದ್ಧತಿಯೇ. ಅದರ ಫ್ಯೂಸ್ ಕಿತ್ತ ಕೂಡಲೇ ವಾಲ್ವಿನ ಅಂಕಿ ಮೈನಸ್ 0.27ಕ್ಕೆ ಇಳಿಯತೊಡಗಿತು. ನೀರು ಏರಿದಾಗ ಪಂಪನ್ನು ತಾನಾಗಿ ಹಚ್ಚುವ ಫ್ಲೋಟ್ ಸ್ವಿಚ್ಚಿನ ಪಾಸಿಟಿವ್ ತಂತಿಯ ಜಾಯಿಂಟನ್ನು ಹಿಂದೆಂದೋ ಯಾರೋ ಬರಿದೇ ತಿರುಚಿ ಟೇಪ್ ಸುತ್ತಿ ಬಿಲ್ಜ್‌ನ ತಳದಲ್ಲೇ ಬಿಟ್ಟಿದ್ದರು. ಟೇಪಿನೊಳಗೆ ಹಸಿರು ಪುಡಿ ಕಟ್ಟಿತ್ತು. ಪಂಪು ನಿಂತಿರುವಾಗಲೂ ಆ ತಂತಿಯಲ್ಲಿ 40 ಮಿಲಿಆಂಪಿಯರ್ ಹರಿಯುತ್ತಿತ್ತು. ಅದರ ಅಷ್ಟೂ ಪಾಲು ವಾಲ್ವಿನಿಂದ ಹೊರಬಿದ್ದಿದ್ದರೆ ದಿನಕ್ಕೆ ಒಂದು ಗ್ರಾಂಗೂ ಹೆಚ್ಚು ತಾಮ್ರ ಕರಗುವ ಲೆಕ್ಕ.

ಫಲಿತಾಂಶ

ಜಾಯಿಂಟನ್ನು ಬಿಲ್ಜ್‌ನ ನೀರು ಎಂದೂ ಮುಟ್ಟದ ಎತ್ತರಕ್ಕೆ ತಂದು, ಕ್ರಿಂಪ್ ಮಾಡಿ, ಬಿಸಿಗೆ ಬಿಗಿದು ಒಳಗಿನ ಅಂಟಿನಿಂದ ಮುಚ್ಚಿಕೊಳ್ಳುವ ಕೊಳವೆ ಹಾಕಿದರು. ಅಂಕಿಗಳು ಮಳೆಯಲ್ಲೂ ಬಿಸಿಲಲ್ಲೂ ಒಂದೇ ಆದವು. ಇಲ್ಲಿಗೆ ಸಾಕು, ವಾಲ್ವನ್ನು ಮುಂದಿನ ವರ್ಷ ದೋಣಿ ಎತ್ತುವಾಗ ನೋಡಿದರಾಯಿತು ಎಂಬ ಮಾತು ಬಂತು. ನಾನು ಅದನ್ನು ಗಟ್ಟಿಯಾಗಿ ವಿರೋಧಿಸಿದೆ, ಈ ಬಾರಿ ಆತ ನನ್ನ ಪಕ್ಷ ಹಿಡಿದ. ಎಷ್ಟು ಕಾಲದಿಂದ ಸೋರುತ್ತಿತ್ತು ಎಂಬುದಕ್ಕೆ ಯಾವ ಪುಸ್ತಕದಲ್ಲೂ ದಾಖಲೆಯಿರಲಿಲ್ಲ. ದೋಣಿಯನ್ನು ನೀರಿನಿಂದ ಎತ್ತಿಸಿದರು. ಉಳಿದ ವಾಲ್ವುಗಳ ಹೊರಮೈ ಮಾಮೂಲಿ ಕಂದು ಹಸಿರು. ಇದರ ಅಂಚು ಮಾತ್ರ ಗುಳಿ ಬಿದ್ದು, ಈಗಷ್ಟೇ ಉಜ್ಜಿದಂತೆ ಹೊಳೆಯುತ್ತಿತ್ತು, ಒಂದು ಕಡೆ ಅರ್ಧದಷ್ಟು ದಪ್ಪವೂ ಉಳಿದಿರಲಿಲ್ಲ. ಸುತ್ತಿಗೆಯಿಂದ ಹಗುರಾಗಿ ತಟ್ಟಿದ್ದಕ್ಕೇ ಚೂರು ಮುರಿದು ಬಂತು. ವಾಲ್ವನ್ನೂ ತಳದ ಫಿಟ್ಟಿಂಗನ್ನೂ ಬದಲಿಸಿದರು.

ಒಂದು ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ತಳದ ವಾಲ್ವುಗಳನ್ನೆಲ್ಲ ತಂತಿಯಿಂದ ಸತುವಿಗೆ ಜೋಡಿಸಬೇಕೆಂದು ಆತ, ಒಂಟಿಯಾಗಿಯೇ ಬಿಡಬೇಕೆಂದು ಆಕೆ. ದೋಣಿ ಕಟ್ಟುವವರಲ್ಲೂ ಈ ಎರಡು ಪಂಗಡಗಳಿವೆ. ಜೋಡಿಸಿದರೆ ಸೋರಿದ ಕರೆಂಟು ಸಮುದ್ರಕ್ಕಿಳಿಯದೆ ತಂತಿಯಲ್ಲೇ ಮರಳುತ್ತದೆ, ಆದರೆ ಬಿಲ್ಜ್‌ನ ಕೊಳೆಯಲ್ಲಿ ಆ ತಂತಿಗಳ ಒಂದೊಂದು ಜಾಯಿಂಟನ್ನೂ ಕಾಪಾಡಿಕೊಳ್ಳಬೇಕು. ಒಳ್ಳೆಯ ಕಂಚು ಒಂಟಿಯಾಗಿಯೂ ದಶಕಗಟ್ಟಲೆ ಬಾಳುತ್ತದೆ, ಹೊರಗಿನ ಕರೆಂಟು ಅದನ್ನು ಮುಟ್ಟದಿದ್ದರೆ. ಈ ದೋಣಿಯ ಮಟ್ಟಿಗೆ ನನ್ನ ಮತ ಆಕೆಯ ಕಡೆ, ಕಾರಣ ತುಂಬ ಸರಳ: ಅಳೆದು ಬರೆದಿಡುವವರು ಒಬ್ಬರು ಅಲ್ಲಿದ್ದಾರೆ. ಅಳೆಯುವವರಿಲ್ಲದ ದೋಣಿಯಾಗಿದ್ದರೆ ಜೋಡಿಸಿ ಎಂದೇ ಹೇಳುತ್ತಿದ್ದೆ.

ಮರೀನಾದಲ್ಲಿ ಕೇಬಲ್ ಚುಚ್ಚಿಕೊಂಡಿರುವ, ಸತು ಬೇಗ ಮುಗಿಯುತ್ತಿದೆ ಎನ್ನುವ ಯಾರಿಗೇ ಆಗಲಿ, ಈ ಪ್ರಕರಣದ ನಂತರ ನಾನು ಹೇಳುವ ಕ್ರಮ ಬದಲಾಗಿದೆ. ಮೊದಲು ಐಸೊಲೇಟರ್ ತರಿಸಿ ಎನ್ನುವುದಿಲ್ಲ. ಬಿಲ್ಜ್ ಮುಚ್ಚಳ ತೆಗೆಯಿರಿ, ಪಂಪಿನ ಮತ್ತು ಫ್ಲೋಟ್ ಸ್ವಿಚ್ಚಿನ ಜಾಯಿಂಟುಗಳು ಯಾವ ಎತ್ತರದಲ್ಲಿವೆ ನೋಡಿ, ಬಿಲ್ಜ್‌ನಲ್ಲಿ ನೀರಿರುವ ದಿನವೇ ಪ್ರತಿ ವಾಲ್ವನ್ನೂ ಅಳೆಯಿರಿ, ಪಂಪಿನ ಫ್ಯೂಸ್ ಕಿತ್ತು ಇನ್ನೊಮ್ಮೆ ಅಳೆಯಿರಿ, ಅಳೆದ ಕೂಡಲೇ ಫ್ಯೂಸನ್ನು ಮರಳಿ ಹಾಕಿ. ಅಲ್ಲಿ ಏನೂ ಸಿಗದಿದ್ದರೆ ಮಾತ್ರ ದಡದ ಕೇಬಲ್ಲಿನ ಕಡೆ ಬರೋಣ.